ಡ್ರೈ ಫುಡ್ ಜಗಿದರೆ ಬೆಕ್ಕಿನ ಹಲ್ಲು ತಾನಾಗಿಯೇ ಸ್ವಚ್ಛವಾಗುತ್ತದೆಯೇ?

ಬೆಕ್ಕು ಸಾಕಿದವರ ಮನೆಯಲ್ಲಿ ಹಲ್ಲಿನ ವಿಷಯ ಬಂದರೆ ಸಾಮಾನ್ಯವಾಗಿ ಮೂರು ಮಾತು ಕೇಳಿಬರುತ್ತವೆ. ಡ್ರೈ ಫುಡ್ ಕಟುಕಟು ಎಂದು ಜಗಿದರೆ ಹಲ್ಲು ಉಜ್ಜಿದಂತೆಯೇ ಎಂಬುದು ಒಂದು. ಮೀನಿನ ತಲೆ, ಕೋಳಿ ಮೂಳೆ ಕಡಿಯುವ ಬೆಕ್ಕಿನ ಹಲ್ಲಿಗೆ ಏನೂ ಆಗುವುದಿಲ್ಲ ಎಂಬುದು ಇನ್ನೊಂದು. ಬೀದಿ ಬೆಕ್ಕಿಗೆ, ಕಾಡಿನ ಹುಲಿಗೆ ಯಾರು ಹಲ್ಲುಜ್ಜುತ್ತಾರೆ ಎಂಬ ಪ್ರಶ್ನೆ ಮೂರನೆಯದು.

ಮೂರರಲ್ಲೂ ಸ್ವಲ್ಪ ನಿಜವಿದೆ, ಆದರೆ ಬೆಕ್ಕಿನ ಹಲ್ಲು ಉಳಿಸಲು ಅಷ್ಟು ಸಾಲದು. ಗಟ್ಟಿ ಆಹಾರ ಜಗಿದಾಗ ಹಲ್ಲಿನ ತುದಿಯಲ್ಲಿರುವ ಕೊಳೆ ಒಂದಿಷ್ಟು ಸವೆಯುತ್ತದೆ. ಬೆಕ್ಕಿಗೆ ಹಲ್ಲು ನಷ್ಟವಾಗುವುದು ತುದಿಯ ಕೊಳೆಯಿಂದಲ್ಲ, ವಸಡಿನ ಅಂಚಿನಲ್ಲಿ ಮತ್ತು ಅದರ ಕೆಳಗೆ ಕೂತ ಕೊಳೆಯಿಂದ. ಸಾಮಾನ್ಯ ಡ್ರೈ ಫುಡ್ ಆಗಲಿ ಮೂಳೆಯಾಗಲಿ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಹಾಗಾದರೆ ಯಾವುದು ತಲುಪುತ್ತದೆ, ಯಾವುದು ಅಪಾಯ ಎಂಬುದನ್ನು ನೋಡೋಣ.

ಬೆಕ್ಕು ಜಗಿಯುವುದೇ ಕಡಿಮೆ

ದೊಡ್ಡ ಬೆಕ್ಕಿನ ಬಾಯಲ್ಲಿ 30 ಹಲ್ಲುಗಳಿರುತ್ತವೆ. ಮುಂದೆ ಅಕ್ಕಿಕಾಳಿನಂಥ 12 ಪುಟ್ಟ ಹಲ್ಲು, ನಾಲ್ಕು ಕೋರೆಹಲ್ಲು, ಹಿಂದೆ 14 ಹಲ್ಲು. ಮರಿಯಾಗಿದ್ದಾಗ ಇರುವ 26 ಹಾಲುಹಲ್ಲುಗಳು ಸುಮಾರು ಆರೇಳು ತಿಂಗಳೊಳಗೆ ಬಿದ್ದು ಹೊಸವು ಬಂದಿರುತ್ತವೆ. ಆ ವಯಸ್ಸಿನ ಮರಿಯ ಹಲ್ಲು ನೆಲದ ಮೇಲೆ ಸಿಕ್ಕರೆ ಗಾಬರಿಯಾಗಬೇಕಿಲ್ಲ. ಎಷ್ಟೋ ಹಲ್ಲುಗಳನ್ನು ಮರಿ ನುಂಗಿಯೇ ಬಿಡುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ.

ನಮ್ಮ ದವಡೆ ಹಲ್ಲುಗಳ ತಲೆ ಚಪ್ಪಟೆ, ಒರಳಿನ ಹಾಗೆ ಅರೆಯುತ್ತವೆ. ಬೆಕ್ಕಿಗೆ ಅಂಥ ಹಲ್ಲೇ ಇಲ್ಲ. ಅದರ ಹಿಂದಿನ ಹಲ್ಲುಗಳು ಕತ್ತರಿಯ ಎರಡು ಅಲಗುಗಳಂತೆ ಒಂದರ ಪಕ್ಕ ಒಂದು ಜಾರಿ ಮಾಂಸವನ್ನು ಕತ್ತರಿಸುತ್ತವೆ. ದವಡೆಯ ಕೀಲು ಹಸುವಿನ ದವಡೆಯಂತೆ ಅಡ್ಡಡ್ಡ ಆಡುವುದಿಲ್ಲ, ಹೆಚ್ಚುಕಡಿಮೆ ಮೇಲೆ ಕೆಳಗೆ ಮಾತ್ರ. ನುಂಗುವಷ್ಟು ಚಿಕ್ಕ ತುಂಡು ಮಾಡುವುದಷ್ಟೇ ಬೆಕ್ಕಿನ ಜಗಿತ. ತುಂಡು ಮೊದಲೇ ಚಿಕ್ಕದಿದ್ದರೆ ಆ ಕೆಲಸವೂ ಇಲ್ಲ. ಡ್ರೈ ಫುಡ್ ತಿಂದು ವಾಂತಿ ಮಾಡಿಕೊಂಡ ಬೆಕ್ಕಿನ ವಾಂತಿಯಲ್ಲಿ ಕಾಳುಗಳು ಇಡಿಯಾಗಿಯೇ ಬಿದ್ದಿರುವುದನ್ನು ಬೆಕ್ಕು ಸಾಕಿದವರು ನೋಡಿಯೇ ಇರುತ್ತಾರೆ.

ಇನ್ನೊಂದು ವ್ಯತ್ಯಾಸವಿದೆ. ಮಕ್ಕಳ ಹಲ್ಲು ಹುಳುಕಾಗುವಂತೆ ಬೆಕ್ಕಿನ ಹಲ್ಲು ಹುಳುಕಾಗುವುದು ತೀರಾ ಅಪರೂಪ. ಸಕ್ಕರೆ, ಪಿಷ್ಟ ಸಿಕ್ಕಿಕೊಂಡು ಹುಳಿಯಲು ಬೇಕಾದ ತಗ್ಗುಗಳು ಅದರ ಹಲ್ಲಿನ ಮೇಲಿಲ್ಲ, ಜೊಲ್ಲು ಕೂಡ ನಮ್ಮದಕ್ಕಿಂತ ಹೆಚ್ಚು ಕ್ಷಾರೀಯ. ಸಿಹಿಯ ರುಚಿಯೇ ಬೆಕ್ಕಿಗೆ ತಿಳಿಯದು. ಆ ರುಚಿ ಹಿಡಿಯಲು ಬೇಕಾದ ವಂಶವಾಹಿಯೊಂದು ಬೆಕ್ಕಿನ ಜಾತಿಯಲ್ಲೇ ಕೆಟ್ಟುಹೋಗಿದೆ ಎಂದು 2005ರಲ್ಲಿ ವಿಜ್ಞಾನಿಗಳು ತೋರಿಸಿದ್ದಾರೆ. ಹಾಗಾಗಿ "ಹಾಲು-ಅನ್ನ ತಿಂದು ಬೆಕ್ಕಿನ ಹಲ್ಲು ಹುಳುಕಾಯಿತು" ಎಂಬ ಮಾತು ಸರಿಯಲ್ಲ. ಬೆಕ್ಕಿನ ತೊಂದರೆ ಬೇರೆಯದೇ.

ತೊಂದರೆ ಶುರುವಾಗುವ ಜಾಗ

ಉಜ್ಜಿ ತೊಳೆದ ಹಲ್ಲಿನ ಮೇಲೂ ಕೆಲವೇ ಗಂಟೆಗಳಲ್ಲಿ ಬ್ಯಾಕ್ಟೀರಿಯಾಗಳ ತೆಳುವಾದ ಅಂಟು ಪದರವೊಂದು ಕೂರುತ್ತದೆ. ಇದೇ ಪ್ಲೇಕ್. ಬೆರಳಿಗೆ ಬಟ್ಟೆ ಸುತ್ತಿ ಒರೆಸಿದರೂ ಇದು ಹೋಗುತ್ತದೆ. ಒರೆಸದೆ ಬಿಟ್ಟರೆ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಲವಣಗಳು ಅದರೊಳಗೆ ಇಳಿದು ಕೆಲವು ದಿನಗಳಲ್ಲಿ ಕಲ್ಲಿನಂತಾಗುತ್ತದೆ. ಬೋರ್‌ವೆಲ್ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಕಲ್ಲು ಕಟ್ಟುತ್ತದಲ್ಲ, ಹಾಗೆಯೇ. ಇದು ಟಾರ್ಟರ್. ಹುಳುಕಿನಿಂದ ಕಾಪಾಡುವ ಕ್ಷಾರೀಯ ಜೊಲ್ಲೇ ಟಾರ್ಟರ್ ಬೇಗ ಕಟ್ಟಲೂ ಕಾರಣವಾಗುತ್ತದೆ. ಒಮ್ಮೆ ಕಲ್ಲಾದ ಮೇಲೆ ಬ್ರಷ್‌ಗೂ ಅದು ಬಗ್ಗದು.

ಟಾರ್ಟರ್ ನೋಡಲು ಅಸಹ್ಯ ನಿಜ. ಆದರೆ ರೋಗಕ್ಕೆ ನೇರ ಕಾರಣ ಅದರ ಮೇಲೂ ವಸಡಿನ ಅಂಚಿನಲ್ಲೂ ಜೀವಂತವಾಗಿರುವ ಪ್ಲೇಕ್. ಅದರ ವಿರುದ್ಧ ದೇಹ ಹೋರಾಡುವಾಗ ವಸಡು ಕೆಂಪಾಗಿ ಊದಿಕೊಳ್ಳುತ್ತದೆ. ಈ ಹಂತದಲ್ಲಿ ಸ್ವಚ್ಛ ಮಾಡಿದರೆ ವಸಡು ಮೊದಲಿನಂತಾಗುತ್ತದೆ. ಬಿಟ್ಟರೆ ಪ್ಲೇಕ್ ವಸಡಿನ ಕೆಳಗೆ ಇಳಿದು, ಹಲ್ಲನ್ನು ಹಿಡಿದಿರುವ ಎಲುಬು ಕರಗತೊಡಗುತ್ತದೆ. ಕರಗಿದ ಎಲುಬು ಮರಳಿ ಬರುವುದಿಲ್ಲ. ನಾಲ್ಕು ವರ್ಷ ದಾಟಿದ ಬೆಕ್ಕುಗಳಲ್ಲಿ ಶೇಕಡಾ 50ರಿಂದ 90ರಷ್ಟಕ್ಕೆ ಒಂದಲ್ಲ ಒಂದು ಹಲ್ಲಿನ ಕಾಯಿಲೆ ಇರುತ್ತದೆ ಎಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಬೆಕ್ಕು ಆರೋಗ್ಯ ಕೇಂದ್ರ ಹೇಳುತ್ತದೆ. ಅಂದರೆ ಕಾಯಿಲೆ ಇಲ್ಲದ ಬಾಯಿಯೇ ಅಪರೂಪ.

ಡ್ರೈ ಫುಡ್ ಮಾಡುವುದೇನು?

ಸಾಮಾನ್ಯ ಡ್ರೈ ಫುಡ್ ಕಾಳಿಗೆ ಹಲ್ಲಿನ ಮೊನೆ ತಾಗಿದ ಕೂಡಲೇ ಅದು ಪುಡಿಯಾಗಿ ಸಿಡಿಯುತ್ತದೆ. ಹಲ್ಲಿನ ಬುಡದವರೆಗೆ ಅದು ಉಜ್ಜಿಕೊಂಡು ಹೋಗುವ ಪ್ರಶ್ನೆಯೇ ಇಲ್ಲ. ಚಕ್ಕುಲಿ ತಿಂದು ಹಲ್ಲುಜ್ಜಿದೆ ಎಂದು ನಾವು ಹೇಳುವುದಿಲ್ಲವಲ್ಲ! ಬರೀ ಮೆತ್ತನೆಯ ಆಹಾರ ತಿನ್ನುವ ಬೆಕ್ಕುಗಳಿಗಿಂತ ಡ್ರೈ ಫುಡ್ ತಿನ್ನುವವುಗಳ ಹಲ್ಲಿನಲ್ಲಿ ಟಾರ್ಟರ್ ಸ್ವಲ್ಪ ಕಡಿಮೆ ಎಂದು ತೋರಿಸಿದ ಅಧ್ಯಯನಗಳಿವೆ, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಡ್ರೈ ಫುಡ್ ತಿಂದೇ ಬೆಳೆದ ಬೆಕ್ಕುಗಳಲ್ಲೂ ವಸಡಿನ ಕಾಯಿಲೆ ಧಾರಾಳವಾಗಿದೆ.

ಹಲ್ಲಿಗೆಂದೇ ತಯಾರಿಸಿದ ಆಹಾರದ ಕಥೆ ಬೇರೆ. ಇದರ ಕಾಳು ಸಾಮಾನ್ಯ ಕಾಳಿಗಿಂತ ಸಾಕಷ್ಟು ದೊಡ್ಡದು, ಹಾಗಾಗಿ ಬೆಕ್ಕು ಅದನ್ನು ಹಾಗೇ ನುಂಗಲಾಗದು. ಒಳಗಿನ ನಾರನ್ನು ಹಲ್ಲು ಆಳಕ್ಕೆ ಇಳಿದ ಮೇಲಷ್ಟೇ ಕಾಳು ಒಡೆಯುವಂತೆ ಜೋಡಿಸಿರುತ್ತಾರೆ. ಹಲ್ಲು ಒಳಹೋಗುವಾಗ ನಾರು ಅದರ ಬದಿಗಳನ್ನು ಒರೆಸುತ್ತದೆ. ಹಿಲ್ಸ್ ಕಂಪನಿಯ ಟಿ/ಡಿ ಎಂಬ ಆಹಾರ ಇಂಥದ್ದು. ಇನ್ನು ಕೆಲವು ಆಹಾರಗಳಲ್ಲಿ ಪಾಲಿಫಾಸ್ಫೇಟ್ ಎಂಬ ಲವಣ ಬಳಿದಿರುತ್ತಾರೆ. ಅದು ಜೊಲ್ಲಿನ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು ಪ್ಲೇಕ್ ಕಲ್ಲಾಗುವುದನ್ನು ನಿಧಾನಗೊಳಿಸುತ್ತದೆ.

ಪೊಟ್ಟಣದ ಮೇಲೆ "ಡೆಂಟಲ್" ಎಂದು ಬರೆದ ಮಾತ್ರಕ್ಕೆ ಇದೆಲ್ಲ ಇದೆ ಎಂದುಕೊಳ್ಳಬೇಡಿ. ಆ ಪದವನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ನೋಡಬೇಕಾದ್ದು ವಿಒಎಚ್‌ಸಿ ಮುದ್ರೆಯನ್ನು. 1997ರಲ್ಲಿ ಅಮೆರಿಕದಲ್ಲಿ ಶುರುವಾದ ಈ ಪಶು ದಂತ ಆರೋಗ್ಯ ಮಂಡಳಿ, ಪ್ರಾಣಿಗಳ ಮೇಲೆ ನಡೆಸಿದ ಪ್ರಯೋಗಗಳ ಫಲಿತಾಂಶ ನೋಡಿ, ಪ್ಲೇಕ್ ಅಥವಾ ಟಾರ್ಟರ್ ನಿಜಕ್ಕೂ ಕಡಿಮೆಯಾಗಿದ್ದರೆ ಮಾತ್ರ ಮುದ್ರೆ ಕೊಡುತ್ತದೆ. ಪಟ್ಟಿ ಅವರ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತದೆ. ಮುದ್ರೆ ಇದ್ದರೂ ಅದು ಟಾರ್ಟರ್‌ಗೋ ಪ್ಲೇಕ್‌ಗೋ ಎಂದು ಓದಿ. ವಸಡಿನ ದೃಷ್ಟಿಯಿಂದ ಪ್ಲೇಕ್ ಕಡಿಮೆ ಮಾಡುವುದೇ ಮುಖ್ಯ ಎಂಬುದು ನಮ್ಮ ಅಭಿಪ್ರಾಯ. ಮೂತ್ರಪಿಂಡದ ಅಥವಾ ಮೂತ್ರದ ಕಲ್ಲಿನ ತೊಂದರೆ ಇರುವ ಬೆಕ್ಕಿಗೆ, ಮರಿಗಳಿಗೆ ಪಶುವೈದ್ಯರನ್ನು ಕೇಳದೆ ಆಹಾರ ಬದಲಿಸಬೇಡಿ.

ಹಲ್ಲಿಗಾಗಿ ಕೊಡುವ ಗರಿಗರಿ ತಿನಿಸುಗಳಲ್ಲೂ ಮುದ್ರೆ ಪಡೆದವು ಇವೆ. ಆದರೆ ನಾಲ್ಕು ಕಿಲೋ ತೂಗುವ ಮನೆಬೆಕ್ಕಿಗೆ ದಿನಕ್ಕೆ ಬೇಕಾದ್ದು ಸುಮಾರು 200ರಿಂದ 250 ಕ್ಯಾಲೊರಿ ಅಷ್ಟೇ. ತಿನಿಸು ಅದರ ಹತ್ತನೇ ಒಂದು ಭಾಗ ದಾಟಬಾರದು. ಇಲ್ಲದಿದ್ದರೆ ಹಲ್ಲು ಉಳಿಸಲು ಹೋಗಿ ಬೊಜ್ಜು ತರಿಸಿದಂತಾಗುತ್ತದೆ. ಹಲ್ಲಿನ ಹೆಸರಿನಲ್ಲಿ ಮೆತ್ತನೆಯ ಆಹಾರವನ್ನು ಪೂರ್ತಿ ನಿಲ್ಲಿಸುವುದೂ ಬೇಡ. ನೀರು ಕಡಿಮೆ ಕುಡಿಯುವ ಬೆಕ್ಕಿಗೆ ಅದರಿಂದ ಸಿಗುವ ನೀರಿನಂಶ ಮುಖ್ಯ.

ಕಾಡಿನ ಬೆಕ್ಕಿಗೆ ಯಾರು ಹಲ್ಲುಜ್ಜುತ್ತಾರೆ?

ಈ ಪ್ರಶ್ನೆಗೆ ಅಚ್ಚರಿಯ ಉತ್ತರ ಸಿಕ್ಕಿದ್ದು ಅಂಟಾರ್ಕ್ಟಿಕಾದ ಹಾದಿಯಲ್ಲಿರುವ ಮೇರಿಯನ್ ದ್ವೀಪದಿಂದ. ದಕ್ಷಿಣ ಆಫ್ರಿಕಾಕ್ಕೆ ಸೇರಿದ ಈ ದ್ವೀಪದಲ್ಲಿ ಒಂದು ಹವಾಮಾನ ಕೇಂದ್ರವಿದೆ. ಅಲ್ಲಿನ ಇಲಿಗಳ ಕಾಟ ತಪ್ಪಿಸಲು 1949ರ ಹೊತ್ತಿಗೆ ಐದು ಬೆಕ್ಕುಗಳನ್ನು ತಂದರು. 1970ರ ದಶಕದಲ್ಲಿ ಅವುಗಳ ಸಂತಾನ ಸಾವಿರಗಟ್ಟಲೆಯಾಗಿ, ವರ್ಷಕ್ಕೆ ಲಕ್ಷಗಟ್ಟಲೆ ಕಡಲಹಕ್ಕಿಗಳನ್ನು ತಿಂದುಹಾಕುತ್ತಿತ್ತು. ಹಕ್ಕಿಗಳನ್ನು ಉಳಿಸಲು 1991ರೊಳಗೆ ಬೆಕ್ಕುಗಳನ್ನೆಲ್ಲ ಕೊಂದು ಮುಗಿಸಬೇಕಾಯಿತು. ಹಾಗೆ ಸತ್ತ ಸುಮಾರು 300 ಬೆಕ್ಕುಗಳ ತಲೆಬುರುಡೆಗಳನ್ನು ಪಶು ದಂತವೈದ್ಯರು ಪರೀಕ್ಷಿಸಿ 1996ರಲ್ಲಿ ವರದಿ ಪ್ರಕಟಿಸಿದರು.

ಈ ಬೆಕ್ಕುಗಳು ಡ್ರೈ ಫುಡ್ ಕಂಡವಲ್ಲ, ಅನ್ನ ಕಂಡವಲ್ಲ. ಹುಟ್ಟಿದಾಗಿನಿಂದ ಮೂಳೆ, ಗರಿ, ಚರ್ಮ ಸಮೇತ ಹಕ್ಕಿ ಹರಿದು ತಿಂದವು. ಆದರೂ ಅರ್ಧಕ್ಕೂ ಹೆಚ್ಚು ಬೆಕ್ಕುಗಳಲ್ಲಿ ಹಲ್ಲಿನ ಸುತ್ತಲಿನ ಎಲುಬು ಕರಗಿದ ಗುರುತುಗಳಿದ್ದವು. 1998ರಲ್ಲಿ ಆಸ್ಟ್ರೇಲಿಯಾದಲ್ಲಿ ಬೇಟೆಯಾಡಿ ಬದುಕುವ ಬೆಕ್ಕುಗಳನ್ನೂ ಮನೆಬೆಕ್ಕುಗಳನ್ನೂ ಹೋಲಿಸಿ ನೋಡಿದರು. ಬೇಟೆ ಬೆಕ್ಕುಗಳ ಹಲ್ಲಿನಲ್ಲಿ ಟಾರ್ಟರ್ ಕಡಿಮೆ ಇತ್ತು, ಆದರೆ ವಸಡಿನ ರೋಗದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಹಲ್ಲು ಬೆಳ್ಳಗೆ ಕಂಡರೂ ಬುಡ ಆರೋಗ್ಯವಾಗಿದೆ ಎನ್ನಲಾಗದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಬೀದಿ ಬೆಕ್ಕಿಗೂ ಹಲ್ಲುನೋವು ಬರುತ್ತದೆ. ಅದನ್ನು ನೋಡಿ ವೈದ್ಯರಲ್ಲಿಗೆ ಕರೆದೊಯ್ಯುವವರು ಇರುವುದಿಲ್ಲ, ಅಷ್ಟೇ.

ಮೂಳೆ, ಮೀನು, ಹಾಲು-ಅನ್ನ

ಬೇಯಿಸಿದ ಮೂಳೆ ಕೊಡಲೇಬಾರದು. ಬೆಂದ ಮೂಳೆ ಚೂಪಾಗಿ ಸೀಳುತ್ತದೆ; ಗಂಟಲಲ್ಲಿ ಸಿಕ್ಕಬಹುದು, ಕರುಳು ಚುಚ್ಚಬಹುದು. ಕರಾವಳಿಯ ಮನೆಗಳಲ್ಲಿ ಬೂತಾಯಿ, ಬಂಗುಡೆ ಶುಚಿ ಮಾಡುವಾಗ ತಲೆ, ಕರುಳನ್ನು ಬೆಕ್ಕಿಗೆ ಎಸೆಯುವುದು ರೂಢಿ. ಅದನ್ನು ತಿಂದು ಹಲ್ಲು ಸ್ವಚ್ಛವಾಗುವುದಿಲ್ಲ. ಕೆಲವು ಜಾತಿಯ ಮೀನಿನಲ್ಲಿ ಬಿ1 ಜೀವಸತ್ವವನ್ನು ನಾಶಮಾಡುವ ಕಿಣ್ವವೂ ಇರುವುದರಿಂದ ದಿನಾ ಹಸಿ ಮೀನು ಒಳ್ಳೆಯದಲ್ಲ. ಮುಳ್ಳು ತೆಗೆದು ಬೇಯಿಸಿ ಕೊಡುವುದು ವಾಸಿ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಬೀಳುವ ಮೊದಲೇ ಬೆಕ್ಕಿನ ಪಾಲು ತೆಗೆದಿಡಿ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ಜಗಿಯಲು ಏನಾದರೂ ಕೊಡಲೇಬೇಕೆಂದರೆ ಒಂದೇ ಬಾರಿಗೆ ನುಂಗಲಾಗದಷ್ಟು ದೊಡ್ಡ, ಮೂಳೆಯಿಲ್ಲದ ಬೆಂದ ಕೋಳಿ ಮಾಂಸದ ತುಂಡು ಕೊಡಬಹುದು. ಹರಿದು ತಿನ್ನುವಾಗ ಹಿಂದಿನ ಹಲ್ಲುಗಳಿಗೆ ಕೆಲಸ ಸಿಗುತ್ತದೆ. ಇದರಿಂದ ಪವಾಡ ನಿರೀಕ್ಷಿಸಬೇಡಿ. ಆಟಿಕೆಯನ್ನು ಉಗುರಿನಿಂದ ಒತ್ತಿ ನೋಡಿ: ಸ್ವಲ್ಪವೂ ತಗ್ಗದಿದ್ದರೆ ಹಲ್ಲಿಗೆ ಅದು ತೀರಾ ಗಟ್ಟಿ, ಕೋರೆಹಲ್ಲು ಮುರಿಯಬಹುದು. ದಾರ, ಉಣ್ಣೆ ನೂಲು ಜಗಿಯಲು ಬಿಡಲೇಬೇಡಿ. ಬೆಕ್ಕಿನ ನಾಲಗೆಯ ಮುಳ್ಳುಗಳು ಒಳಮುಖವಾಗಿರುವುದರಿಂದ ದಾರ ಹೊರಬರದೆ ಒಳಗೇ ಹೋಗುತ್ತದೆ, ಕರುಳನ್ನು ಸುರುಟಿಸಿ ಶಸ್ತ್ರಚಿಕಿತ್ಸೆಯವರೆಗೂ ಮುಟ್ಟಿಸುತ್ತದೆ. ಬೆಕ್ಕು ಹುಲ್ಲು ತಿನ್ನುವುದಕ್ಕೂ ಹಲ್ಲಿನ ಸ್ವಚ್ಛತೆಗೂ ಸಂಬಂಧವಿಲ್ಲ.

ಹಾಲು-ಅನ್ನದ ನಿಜವಾದ ತೊಂದರೆ ಹಲ್ಲಿನದಲ್ಲ. ದೊಡ್ಡ ಬೆಕ್ಕುಗಳಲ್ಲಿ ಬಹುಪಾಲಿಗೆ ಹಾಲಿನ ಲ್ಯಾಕ್ಟೋಸ್ ಸರಿಯಾಗಿ ಜೀರ್ಣವಾಗದು. ಅದಕ್ಕಿಂತ ಮುಖ್ಯವಾಗಿ, ಮಾಂಸ ಮೀನುಗಳಲ್ಲಿರುವ ಟಾರಿನ್ ಎಂಬ ಪೋಷಕಾಂಶ ಅನ್ನದಲ್ಲಿಲ್ಲ, ಹಾಲಿನಲ್ಲಿ ಸಾಲುವಷ್ಟಿಲ್ಲ. ಅದರ ಕೊರತೆಯಿಂದ ಬೆಕ್ಕಿನ ಹೃದಯದ ಸ್ನಾಯು ಸೋಲುತ್ತದೆ ಎಂದು ಕ್ಯಾಲಿಫೋರ್ನಿಯಾದ ಸಂಶೋಧಕರು 1987ರಲ್ಲೇ ತೋರಿಸಿದ್ದಾರೆ. ಕಣ್ಣೂ ಹೋಗಬಹುದು.

ಮನೆಮದ್ದಿನ ಅಪಾಯ

ಇಲ್ಲಿ ತಪ್ಪಿದರೆ ಜೀವವೇ ಹೋಗಬಹುದು. ಬೆಕ್ಕಿನ ಯಕೃತ್ತು ಕೆಲವು ಬಗೆಯ ರಾಸಾಯನಿಕಗಳನ್ನು ನಮ್ಮ ಯಕೃತ್ತಿನಂತೆ ಒಡೆದು ಹೊರಹಾಕಲಾರದು. ಹಾಗಾಗಿ ನಮ್ಮ ಹಲ್ಲುನೋವಿಗೆ ಹಚ್ಚುವ ಲವಂಗದ ಎಣ್ಣೆ ಬೆಕ್ಕಿಗೆ ವಿಷ. ನೋವು ಕಡಿಮೆಯಾಗಲಿ ಎಂದು ಡೋಲೋ, ಕ್ರೋಸಿನ್‌ನಂಥ ಪ್ಯಾರಾಸಿಟಮಾಲ್ ಮಾತ್ರೆಯ ಚೂರು ಕೊಟ್ಟರೂ ಬೆಕ್ಕು ಸಾಯಬಹುದು. ಕೊಟ್ಟಾಗಿದ್ದರೆ ಕಾಯುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ನಮ್ಮ ಟೂತ್‌ಪೇಸ್ಟ್ ಕೂಡ ಬೇಡ. ಬೆಕ್ಕಿಗೆ ಉಗುಳಲು ಬರದು, ಫ್ಲೋರೈಡ್ ಮತ್ತು ನೊರೆ ಬರಿಸುವ ವಸ್ತುಗಳೆಲ್ಲ ಹೊಟ್ಟೆ ಸೇರುತ್ತವೆ. ಉಪ್ಪು, ಇದ್ದಿಲು, ಅಡುಗೆ ಸೋಡಾ ಹಾಕಿ ಉಜ್ಜುವ ಸಲಹೆಗಳನ್ನೂ ಪಕ್ಕಕ್ಕಿಡಿ.

ಹಾಗಾದರೆ ಉಜ್ಜುವುದು ಹೇಗೆ?

ವಸಡಿನ ಅಂಚಿಗೆ ಖಚಿತವಾಗಿ ತಲುಪುವುದು ಬ್ರಷ್. ಬೆಕ್ಕಿಗೆ ಹಲ್ಲುಜ್ಜುವುದೆಂದರೆ ನಗುವವರಿದ್ದಾರೆ. ಮಾಡಿ ನೋಡಿದರೆ ಅದು ಅಷ್ಟೇನೂ ಕಷ್ಟವಲ್ಲ, ಆತುರ ಮಾತ್ರ ಕೂಡದು. ಮೊದಲ ಕೆಲವು ದಿನ ಮುದ್ದು ಮಾಡುವಾಗ ಕೆನ್ನೆ, ತುಟಿ ಸವರಿ ಬಿಡಿ. ಆಮೇಲೆ ಉಪ್ಪು ಮಸಾಲೆ ಹಾಕದ ಕೋಳಿ ಬೇಯಿಸಿದ ನೀರನ್ನು ಬೆರಳಿಗೆ ಹಚ್ಚಿ ನೆಕ್ಕಿಸಿ. ಅದಕ್ಕೆ ಒಗ್ಗಿದ ಮೇಲೆ ಬೆರಳಿಗೆ ಗಾಜ್ ಬಟ್ಟೆ ಸುತ್ತಿ ಹಲ್ಲಿನ ಮೇಲೆ ಒಮ್ಮೆ ಎಳೆಯಿರಿ. ಕೊನೆಗೆ ಹಸುಗೂಸಿನ ಮೆತ್ತನೆಯ ಬ್ರಷ್ ಮತ್ತು ಪ್ರಾಣಿಗಳಿಗೆಂದೇ ಮಾಡಿದ ಪೇಸ್ಟ್. ಇಷ್ಟಕ್ಕೆ ಎರಡು ಮೂರು ವಾರ ಹಿಡಿದರೂ ಚಿಂತೆಯಿಲ್ಲ.

ಬಾಯಿ ತೆರೆಸಬೇಕಿಲ್ಲ. ತುಟಿಯನ್ನು ಮೇಲೆತ್ತಿ ಹಲ್ಲಿನ ಹೊರಬದಿಯನ್ನು ಮಾತ್ರ ಉಜ್ಜಿದರೆ ಸಾಕು, ಒಳಬದಿಯನ್ನು ಒರಟು ನಾಲಗೆ ತಕ್ಕಮಟ್ಟಿಗೆ ನೋಡಿಕೊಳ್ಳುತ್ತದೆ. ಸಮಯ ಕಡಿಮೆಯಿದ್ದರೆ ಮೇಲಿನ ದವಡೆಯ ಹಿಂಬದಿಯ ದೊಡ್ಡ ಹಲ್ಲನ್ನು ಮೊದಲು ನೋಡಿ. ಜೊಲ್ಲಿನ ನಾಳ ಬಾಯಿಗೆ ತೆರೆದುಕೊಳ್ಳುವುದು ಅದರ ಹತ್ತಿರವೇ, ಹಾಗಾಗಿ ಟಾರ್ಟರ್ ಅಲ್ಲೇ ಮೊದಲು ಕಟ್ಟುತ್ತದೆ. ಒಂದೊಂದು ಬದಿಗೆ ಅರ್ಧ ನಿಮಿಷ ಸಾಕು. ಪ್ಲೇಕ್ ದಿನವೂ ಕೂರುವುದರಿಂದ ದಿನಾ ಉಜ್ಜುವುದೇ ಸರಿ, ಆಗದಿದ್ದರೆ ವಾರಕ್ಕೆ ಮೂರು ಸಲವಾದರೂ. ತಿಂಗಳಿಗೊಮ್ಮೆ ಹಿಡಿದು ಕೂರಿಸಿ ಉಜ್ಜಿದರೆ ಬೆಕ್ಕಿಗೆ ಸಿಟ್ಟು ಬರುತ್ತದೆಯೇ ಹೊರತು ಪ್ರಯೋಜನವಿಲ್ಲ. ವಸಡು ಈಗಾಗಲೇ ಕೆಂಪಾಗಿ ರಕ್ತ ಬರುತ್ತಿದ್ದರೆ ಮೊದಲು ವೈದ್ಯರಿಗೆ ತೋರಿಸಿ, ಆಮೇಲೆ ಬ್ರಷ್. ನೋಯುವ ಬಾಯಿಗೆ ಬ್ರಷ್ ಹಾಕಿದರೆ ಮುಂದೆಂದೂ ಅದು ಬಾಯಿ ಮುಟ್ಟಿಸಿಕೊಳ್ಳದು.

ಒಂದು ಎಚ್ಚರಿಕೆ: ಲಸಿಕೆ ಹಾಕಿಸದ, ಇದ್ದಕ್ಕಿದ್ದಂತೆ ಜೊಲ್ಲು ಸುರಿಸುತ್ತ ವಿಚಿತ್ರವಾಗಿ ವರ್ತಿಸುವ ಬೆಕ್ಕಿನ ಬಾಯಿಗೆ ಕೈ ಹಾಕಬೇಡಿ. ಅದು ರೇಬೀಸ್ ಇರಬಹುದು. ಕಚ್ಚಿದರೆ ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ.

"ತಿನ್ನುತ್ತಿದೆಯಲ್ಲ, ನೋವೆಲ್ಲಿದೆ?"

ಆಹಾರವೂ ಬ್ರಷ್ಷೂ ತಡೆಯಲಾಗದ ಕಾಯಿಲೆಗಳಿವೆ. ಬೆಕ್ಕಿನ ದೇಹದ ಜೀವಕೋಶಗಳೇ ಹಲ್ಲನ್ನು ಕರಗಿಸುವ ತೊಂದರೆಯೊಂದಿದೆ. ಬುಡದಲ್ಲಿ ಕೆಂಪು ಚುಕ್ಕೆಯಂತೆ ಕಾಣುವ ಇದು ವಿಪರೀತ ನೋಯುತ್ತದೆ, ಪೂರ್ತಿ ತಿಳಿಯಲು ಎಕ್ಸ್‌ರೇ ಬೇಕು, ಸಾಮಾನ್ಯವಾಗಿ ಆ ಹಲ್ಲು ಕೀಳಬೇಕಾಗುತ್ತದೆ. ಮೇರಿಯನ್ ದ್ವೀಪದ ಬೆಕ್ಕುಗಳಲ್ಲೂ ಇದು ಸಿಕ್ಕಿತ್ತು. ಇಡೀ ಬಾಯಿ ಹುಣ್ಣಾಗುವ ಇನ್ನೊಂದು ಕಾಯಿಲೆಯಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಹದ ತಪ್ಪಿರುತ್ತದೆ.

ಇಷ್ಟಿದ್ದರೂ ಬೆಕ್ಕು ತಿನ್ನುತ್ತಲೇ ಇರುತ್ತದೆ. ನೋವನ್ನು ಮುಚ್ಚಿಡುವುದು ಅದರ ಸ್ವಭಾವ. ಆದ್ದರಿಂದ ತಟ್ಟೆ ಖಾಲಿಯಾಯಿತೇ ಎಂದು ನೋಡುವುದಕ್ಕಿಂತ ಹೇಗೆ ತಿನ್ನುತ್ತದೆ ಎಂದು ನೋಡಿ. ತಲೆ ಒಂದೇ ಕಡೆ ವಾಲಿಸಿ ತಿನ್ನುವುದು, ಬಾಯಿಂದ ತುತ್ತು ಬೀಳಿಸುವುದು, ತಟ್ಟೆಯ ಹತ್ತಿರ ಹೋಗಿ ಹಿಂದೆ ಸರಿಯುವುದು, ಮೈ ನೆಕ್ಕಿಕೊಳ್ಳದೆ ಕೂದಲು ಗಂಟುಗಟ್ಟುವುದು, ಬಾಯಿಯ ಕೆಟ್ಟ ವಾಸನೆ ಇವೆಲ್ಲ ಲಕ್ಷಣಗಳು. ವಾಸನೆಗೆ ಮೂತ್ರಪಿಂಡದ ಕಾಯಿಲೆಯೂ ಕಾರಣವಿರಬಹುದು. ಪೂರ್ತಿ ಊಟ ಬಿಟ್ಟರೆ ಎರಡನೇ ದಿನಕ್ಕೆ ಕಾಯಬೇಡಿ, ಉಪವಾಸದಿಂದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೆ ಕುತ್ತು ಬರುತ್ತದೆ.

ಕಟ್ಟಿದ ಟಾರ್ಟರ್ ತೆಗೆಸಲು ಅರಿವಳಿಕೆ ಬೇಕೇ ಬೇಕು. ಅರಿವಳಿಕೆ ಇಲ್ಲದೆ ಬೆಕ್ಕನ್ನು ಹಿಡಿದು ಕೆರೆದು ಕೊಡುವವರು ಹಲ್ಲಿನ ಮೇಲ್ಭಾಗವನ್ನಷ್ಟೇ ಬೆಳ್ಳಗೆ ಮಾಡುತ್ತಾರೆ, ವಸಡಿನ ಕೆಳಗಿನದು ಹಾಗೇ ಉಳಿಯುತ್ತದೆ. ಹೋಗುವ ಮೊದಲು ಆ ಆಸ್ಪತ್ರೆಯಲ್ಲಿ ಅರಿವಳಿಕೆಗೆ ಮುಂಚೆ ರಕ್ತಪರೀಕ್ಷೆ ಮಾಡುತ್ತಾರೆಯೇ, ಹಲ್ಲಿನ ಎಕ್ಸ್‌ರೇ ಇದೆಯೇ ಎಂದು ಕೇಳಿಕೊಳ್ಳಿ. ಹಲ್ಲು ಕೀಳಿಸಿದರೆ ಏನು ತಿಂದೀತು ಎಂಬ ಚಿಂತೆ ಬಹಳ ಜನರಿಗಿದೆ. ಎಲ್ಲ ಹಲ್ಲು ಕೀಳಿಸಿಕೊಂಡ ಬೆಕ್ಕುಗಳೂ ಗಾಯ ಮಾಗಿದ ಮೇಲೆ ಚೆನ್ನಾಗಿ ತಿನ್ನುತ್ತವೆ. ಅವುಗಳಲ್ಲಿ ಕೆಲವು ಮತ್ತೆ ಡ್ರೈ ಫುಡ್ಡನ್ನೇ ಕೇಳುತ್ತವೆ, ಒಂದು ಹಲ್ಲೂ ಇಲ್ಲದೆ ಕಾಳು ಕಾಳಾಗಿ ನುಂಗುತ್ತವೆ.